ರೋಬೋಟಿನ ಕಣ್ಣಿಗೆ ಭಂಡಾರ

ರೋಬೋಟಿನ ಕಣ್ಣಿಗೆ ಭಂಡಾರ, ಅಂದರೆ ಮೈಲಾರಪ್ಪನ ಗುಡಿಯ ಅರಿಶಿನ, ಹಚ್ಚಿದವನು ನಾನೇ. ಅಲ್ಲಿದ್ದವರಿಗೆಲ್ಲ ಇದು ಗೊತ್ತು. ಅಲ್ಲಿ ಇಲ್ಲದವರಿಗೆ ಇಷ್ಟು ವರ್ಷ ‘ಏನೋ ತಾಂತ್ರಿಕ ತೊಂದರೆ ಆಯಿತು’ ಎಂದು ಹೇಳಿಕೊಂಡು ಬಂದಿದ್ದೇನೆ. ಯಂತ್ರಕ್ಕೆ ಯಾವ ತೊಂದರೆಯೂ ಇರಲಿಲ್ಲ. ತೊಂದರೆ ಇದ್ದದ್ದು ನನ್ನ ಬಲಗೈಯ ಎರಡು ಬೆರಳುಗಳಲ್ಲಿ, ಮತ್ತು ಆ ಬೆರಳುಗಳಿಗೆ ಯಾವತ್ತೂ ‘ಬೇಡ’ ಎಂದು ಹೇಳದ ನನ್ನ ತಲೆಯಲ್ಲಿ.

ಎರಡು ಸಾವಿರದ ದಶಕದ ನಡುವಿನ ಮಾತು. ನಾನು ಪುಣೆಯ ಒಂದು ಹೈಸ್ಕೂಲಿನಲ್ಲಿ ಒಂಬತ್ತನೆಯ ತರಗತಿಯಲ್ಲಿದ್ದೆ. ನಮ್ಮ ಶಾಲೆಯಲ್ಲಿ ಐದು ಜನರ ಒಂದು ರೋಬೋಟ್ ತಂಡವಿತ್ತು. ರೋಬೋಟ್ ಎಂದ ಕೂಡಲೇ ಕೈಕಾಲು ಇರುವ ಏನನ್ನಾದರೂ ಊಹಿಸಿಕೊಳ್ಳಬೇಡಿ. ಅದು ಊಟದ ಡಬ್ಬಿಯಷ್ಟು ದೊಡ್ಡ ಒಂದು ಗಾಡಿ. ಬುಧವಾರ ಪೇಟೆಯ ಅಂಗಡಿಗಳಲ್ಲಿ ಒಂದೊಂದೇ ಸಾಮಾನು ಆರಿಸಿ ತಂದು ಜೋಡಿಸಿದ್ದು. ನೆಲಕ್ಕೆ ಬಿಳಿ ಕಾಗದ ಹಾಸಿ ಕಪ್ಪು ಗೆರೆ ಎಳೆದರೆ ಆ ಗೆರೆ ಹಿಡಿದು ತಾನಾಗಿಯೇ ಓಡುತ್ತಿತ್ತು. ಗೆರೆ ತಿರುಗಿದಲ್ಲಿ ತಿರುಗುತ್ತಿತ್ತು. ಅಷ್ಟೇ ಅದರ ವಿದ್ಯೆ. ನಾವು ಮಾತ್ರ ಅದನ್ನು ಚಂದ್ರನ ಮೇಲೆ ಇಳಿಸಲು ತಯಾರಿದ್ದವರ ಹಾಗೆ ಓಡಾಡುತ್ತಿದ್ದೆವು.

ತಂಡದ ನಾಯಕಿ ಹತ್ತನೆಯ ತರಗತಿಯ ಹುಡುಗಿ. ಅವಳ ಅಪ್ಪ ಉಡುಪಿ ಕಡೆಯವರು, ಕ್ಯಾಂಪ್ ಭಾಗದಲ್ಲಿ ಹೋಟೆಲು ನಡೆಸುತ್ತಿದ್ದರು. ಗಾಡಿಯ ಮುಕ್ಕಾಲು ಪಾಲು ಅವಳದೇ ಕೈಕೆಲಸ. ಉಳಿದ ಕಾಲು ಪಾಲು ಮೂವರು ಮರಾಠಿ ಹುಡುಗರದು. ಲೆಕ್ಕ ಅಲ್ಲಿಗೆ ಮುಗಿಯಿತು, ನನಗೆ ಏನೂ ಉಳಿಯಲಿಲ್ಲ. ತಂಡಕ್ಕೆ ಸೇರಿದ ಮೊದಲ ವಾರ ಬೆಸುಗೆ ಹಾಕಲು ಕೂತು ನನ್ನ ಸ್ಕೂಲ್ ಟೈಯ ತುದಿಯನ್ನೂ ಸರ್ಕೀಟಿಗೆ ಸೇರಿಸಿ ಬೆಸೆದುಬಿಟ್ಟಿದ್ದೆ. ಗಂಟೆ ಹೊಡೆಯಿತು, ಎದ್ದೆ, ನನ್ನ ಜೊತೆ ಇಡೀ ಸರ್ಕೀಟೂ ಎದ್ದು ಬಂತು. ಆಮೇಲೆ ನನ್ನ ಕೈಗೆ ಬಿಸಿಯಾದದ್ದನ್ನು, ಚೂಪಾದದ್ದನ್ನು, ತಂತಿ ಇರುವುದನ್ನು ಯಾರೂ ಕೊಡಲಿಲ್ಲ. ‘ನೀನು ಮಾತಾಡು ಮಾರಾಯ, ಅದು ನಿಂಗೆ ಬರ್ತದೆ’ ಎಂದಳು ನಾಯಕಿ. ಹಾಗೆ ನಾನು ತಂಡದ ಬಾಯಿಯಾದೆ.

ನಾವು ಹೋಗುತ್ತಿದ್ದ ಸ್ಪರ್ಧೆಯಲ್ಲಿ ಒಂದು ನಿಯಮವಿತ್ತು. ತಂಡ ತಾನು ಕಲಿತದ್ದನ್ನು ಬೇರೆ ಶಾಲೆಯ ಮಕ್ಕಳಿಗೂ ಕಲಿಸಬೇಕು, ಫೋಟೋ ತೆಗೆದು ಫೈಲು ಮಾಡಬೇಕು. ಸುಳ್ಳು ಯಾಕೆ ಹೇಳಲಿ, ನಾವು ಮೊದಲು ಹೋದದ್ದು ಫೋಟೋಕ್ಕೇ. ಮೂವತ್ತಾರು ಫೋಟೋದ ರೋಲ್ ಹಾಕಿಕೊಂಡು, ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿಯಲ್ಲಿದ್ದ ಮಹಾನಗರಪಾಲಿಕೆಯ ಮರಾಠಿ ಶಾಲೆಗೆ ಹೋದೆವು. ಏಳನೆಯ ತರಗತಿಗೆ ವಿಜ್ಞಾನ ಕಲಿಸುತ್ತಿದ್ದ ಶಿಕ್ಷಕಿ ನಮ್ಮನ್ನು ವರಾಂಡದಲ್ಲಿ ಕೂರಿಸಿದರು. ಮಕ್ಕಳೆಲ್ಲ ಮರಾಠಿ ಶಾಲೆಗಳ ರೂಢಿಯಂತೆ ಅವರನ್ನು ‘ಬಾಯಿ’ ಎನ್ನುತ್ತಿದ್ದರು. ನಾನು ನಾಯಕಿಯ ಕಿವಿಯಲ್ಲಿ, “ಈ ಬಾಯಾರು ಭಾಳ ಕಡಕ್ ಕಾಣ್ತಾರ” ಅಂದೆ.

“ಬರೇ ಕಡಕ್ ಅಲ್ಲ, ಕನ್ನಡಾನೂ ಬರ್ತದ ನನಗ” ಎಂದರು ಬಾಯಿ, ತಿರುಗಿಯೂ ನೋಡದೆ. ಅವರ ತವರು ಅಕ್ಕಲಕೋಟ. ಮನೆಮಾತು ನಮ್ಮದೇ.

ಮೂರು ಶನಿವಾರ ಹೋದೆವು. ಬಲ್ಬು, ಸೆಲ್ಲು, ತಂತಿ, ಆಟಿಕೆಯ ಮೋಟರು. ಏಳನೆಯ ತರಗತಿಯ ಹುಡುಗಿಯರು ನಮಗಿಂತ ಬೇಗ ಜೋಡಿಸುತ್ತಿದ್ದರು. ಆದರೆ ವರಾಂಡದಲ್ಲಿ ಹರಡಿದ್ದನ್ನು ಗಂಟೆ ಹೊಡೆದ ಕೂಡಲೇ ಎತ್ತಬೇಕು. ಅರ್ಧ ಮಾಡಿದ್ದು ಅರ್ಧಕ್ಕೇ ನಿಲ್ಲುತ್ತಿತ್ತು, ಮುಂದಿನ ವಾರ ಮತ್ತೆ ಮೊದಲಿನಿಂದ. ವರಾಂಡದ ಕೊನೆಗೆ ಬೀಗ ಹಾಕಿದ ಒಂದು ಖೋಲಿ ಇತ್ತು, ಒಳಗೆ ಮುರಿದ ಬೆಂಚುಗಳು. ಆ ಖೋಲಿಯನ್ನೂ ಶನಿವಾರದ ಕೊನೆಯ ಎರಡು ತಾಸುಗಳನ್ನೂ ತಮ್ಮ ಹುಡುಗಿಯರಿಗೆ ಕೊಡಿ ಎಂದು ಬಾಯಿ ಎರಡು ವರ್ಷದಿಂದ ಹೆಡ್ ಮಾಸ್ತರರನ್ನು ಕೇಳುತ್ತಿದ್ದರಂತೆ. ಹೆಡ್ ಮಾಸ್ತರರು ಕೊನೆಗೆ ಒಂದು ಮಾತು ಕೊಟ್ಟಿದ್ದರು. ಆ ಹೈಸ್ಕೂಲಿನ ಮಕ್ಕಳ ಯಂತ್ರ ಇಡೀ ಶಾಲೆಯ ಮುಂದೆ ಓಡಲಿ, ನಾನೂ ನೋಡುತ್ತೇನೆ, ಉಪಯೋಗದ್ದು ಅನ್ನಿಸಿದರೆ ಕೊಡುತ್ತೇನೆ.

“ಮುಂದಿನ ವರ್ಷ ಈ ಹುಡಿಗ್ಯಾರು ಎಂಟನೇದಕ್ಕ ಬ್ಯಾರೆ ಸಾಳಿಗೆ ಹೋಗ್ತಾರ” ಎಂದು ಬಾಯಿ ನಮಗೆ ಹೇಳಿದ್ದರು. “ಕೆಲವರು ಹೋಗಂಗೂ ಇಲ್ಲ. ಇವರ ಕೈಯಾಗ ಏನರ ಕೊಟ್ಟು ಕಳಸೋದಿದ್ರ ಈ ವರ್ಷನ.”

ಪ್ರದರ್ಶನ ಗೊತ್ತಾದದ್ದು ದಸರೆಯ ನಂತರದ ಶನಿವಾರ ಬೆಳಿಗ್ಗೆ. ನಮ್ಮ ಮನೆ ಹತ್ತಿರ ಎಂದು ಶುಕ್ರವಾರವೇ ನಾಯಕಿ ಗಾಡಿಯನ್ನು ನನಗೆ ಒಪ್ಪಿಸಿದಳು. ಒಪ್ಪಿಸುವಾಗ ಮಗುವನ್ನು ಬೇರೆಯವರ ಮನೆಯಲ್ಲಿ ಬಿಟ್ಟುಹೋಗುವ ತಾಯಿಯ ಹಾಗೆ ಎರಡು ಸಲ ತಿರುಗಿ ನೋಡಿದಳು. “ಮುಟ್ಟಬೇಡ. ನೋಡಲೂ ಬೇಡ. ನಾಳೆ ತಕ್ಕೊಂಡು ಬಾ, ಅಷ್ಟೇ ನಿನ್ನ ಕೆಲಸ.”

ನಾನು ಮುಟ್ಟಲಿಲ್ಲ, ಶನಿವಾರ ಬೆಳಗಿನ ತನಕ. ಬೆಳಿಗ್ಗೆ ಚಹಾ ಹಿಡಿದುಕೊಂಡು ಬಂದ ಅಜ್ಜಿ ಮೇಜಿನ ಮೇಲಿದ್ದ ಗಾಡಿಯನ್ನು ನೋಡಿದಳು. ನಮ್ಮಜ್ಜಿ ಬಿಜಾಪುರದ ಕಡೆಯವಳು, ವರ್ಷಕ್ಕೊಮ್ಮೆ ಜೇಜುರಿಗೆ ಹೋಗಿ ಬರುವವಳು. ಅಲ್ಲಿಯ ದೇವರನ್ನು ಅಲ್ಲಿಯವರು ಖಂಡೋಬಾ ಅಂದರೆ ಇವಳು ಮೈಲಾರಪ್ಪ ಅನ್ನುತ್ತಾಳೆ.

“ಇದೇನು ನಿಮ್ಮ ಓಡೋ ಡಬ್ಬಿ?”

“ಹೌದಜ್ಜಿ.”

“ದಸರಾದ ಖಂಡೇ ಪೂಜಿ ದಿನ ಇದಕ್ಕೊಂದು ಹೂವರ ಏರಿಸಿದ್ರೇನು?”

“ಸಾಳಿ ಬಂದ್ ಇತ್ತಜ್ಜಿ. ಇದು ಅಲ್ಲೇ ಕಪಾಟಿನ್ಯಾಗ ಇತ್ತು.”

“ನಿಮ್ಮಪ್ಪನ ಸ್ಕೂಟರಿಗೆ ಆತು, ನಿಮ್ಮವ್ವನ ಮಿಕ್ಸರಿಗೆ ಆತು, ಟೀವಿ ರಿಮೋಟಿಗೂ ನೀನ ಹಚ್ಚಿದಿ. ಇಷ್ಟು ಮಂದಿ ಮುಂದ ಓಡೋದು ಇದು. ಬರೇ ಹಣಿಲೆ ಕಳಸ್ತಿಯೇನು?”

ನನಗೆ ಇದು ಸರಿಯಾಗಿಯೇ ಕಂಡಿತು. ಅಜ್ಜಿ ಜೇಜುರಿಯ ಭಂಡಾರದ ಕರಡಿಗೆಯನ್ನು ನನ್ನ ಕೈಗೆ ಕೊಟ್ಟು ಹಾಲು ಉಕ್ಕುತ್ತದೆಂದು ಅಡಿಗೆಮನೆಗೆ ಹೋದಳು. ಅವಳು ಅಲ್ಲೇ ನಿಂತಿದ್ದರೆ ಹಚ್ಚುವ ಜಾಗ ತೋರಿಸುತ್ತಿದ್ದಳು, ಈ ಕಥೆಯೂ ಇರುತ್ತಿರಲಿಲ್ಲ. ನಾನೊಬ್ಬನೇ ಗಾಡಿಯ ಹಣೆ ಹುಡುಕತೊಡಗಿದೆ. ಮೇಲೆಲ್ಲ ತಂತಿ. ತಂತಿ ಮುಟ್ಟುವುದಿಲ್ಲವೆಂದು ನಾಯಕಿಗೆ ಮಾತು ಕೊಟ್ಟಿದ್ದೆ, ಅದನ್ನು ಪಾಲಿಸಿದೆ. ಹಿಂದೆ ಸ್ವಿಚ್ಚು. ತಿರುಗಿಸಿ ನೋಡಿದರೆ ಹೊಟ್ಟೆಯ ಕೆಳಗೆ, ಮುಂಭಾಗದಲ್ಲಿ, ಎಡಕ್ಕೊಂದು ಬಲಕ್ಕೊಂದು ಸಣ್ಣ ಬಲ್ಬುಗಳ ಜೋಡಿ. ಕಣ್ಣು ಸಿಕ್ಕರೆ ಹಣೆ ಸಿಕ್ಕ ಹಾಗೆಯೇ ಎಂದುಕೊಂಡೆ. ಒಣ ಭಂಡಾರ ಉದುರಿತು. ಕೊಬ್ಬರಿ ಎಣ್ಣೆಯಲ್ಲಿ ಕಲಸಿದೆ. ಮದುಮಗಳಿಗೆ ಅರಿಶಿನ ಹಚ್ಚುವವರೂ ಅಷ್ಟು ಧಾರಾಳವಾಗಿ ಹಚ್ಚಿರಲಿಕ್ಕಿಲ್ಲ. ಎರಡೂ ಕಣ್ಣು ಮುಚ್ಚುವಷ್ಟು ಮೆತ್ತಿ, ಕೈ ಮುಗಿದು, ಚೀಲಕ್ಕೆ ಹಾಕಿಕೊಂಡು ಹೊರಟೆ.

ಆ ಕಣ್ಣುಗಳ ಕೆಲಸ ಏನೆಂದು ನನಗೆ ಗೊತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಗೊತ್ತಿತ್ತು. ಆ ಮೂರು ಶನಿವಾರ ಮಕ್ಕಳಿಗೆ ಅದನ್ನು ವಿವರಿಸಿದವನೇ ನಾನು. ಜೋಡಿಯಲ್ಲಿ ಒಂದು ಬಲ್ಬು ನಮಗೆ ಕಾಣದ ಬೆಳಕನ್ನು ನೆಲದ ಮೇಲೆ ಬಿಡುತ್ತದೆ, ಇನ್ನೊಂದು ಮರಳಿ ಬರುವ ಬೆಳಕನ್ನು ಹಿಡಿಯುತ್ತದೆ, ಬಿಳಿ ಕಾಗದ ಬೆಳಕನ್ನು ಮರಳಿಸುತ್ತದೆ, ಕಪ್ಪು ಗೆರೆ ನುಂಗುತ್ತದೆ, ಹಾಗಾಗಿ ಯಾವ ಕಣ್ಣಿಗೆ ಗೆರೆ ಸಿಗುತ್ತದೋ ಗಾಡಿ ಆ ಕಡೆ ತಿರುಗುತ್ತದೆ, ಎರಡಕ್ಕೂ ಬಿಳಿಯೇ ಕಂಡರೆ ನೇರ ಓಡುತ್ತದೆ. ಎಲ್ಲ ಬಾಯಿಪಾಠ. ನನ್ನ ಬಾಯಿಗೆ ಗೊತ್ತಿದ್ದದ್ದು ಬೆರಳಿಗೆ ಗೊತ್ತಿರಬೇಕೆಂದು ಎಲ್ಲಿದೆ.

ಶಾಲೆಯ ದೊಡ್ಡ ಖೋಲಿಯಲ್ಲಿ ಹುಡುಗಿಯರು ಬೆಳಿಗ್ಗೆ ಬೇಗ ಬಂದು ಚಾರ್ಟ್ ಕಾಗದಗಳನ್ನು ಅಂಟಿಸಿ ಹಾಸಿಗೆಯಷ್ಟು ಅಗಲದ ಬಿಳಿ ಮೈದಾನ ಮಾಡಿದ್ದರು. ಅದರ ಮೇಲೆ ಕಪ್ಪು ಬಣ್ಣದಲ್ಲಿ ಗೆರೆ, ನಾಲ್ಕು ತಿರುವು. ನಾಯಕಿ ಗಾಡಿಯನ್ನು ಒಮ್ಮೆ ಓಡಿಸಿ ನೋಡೋಣ ಎಂದಳು. ನಾನು, “ಮನೇಲೆ ಓಡಿಸಿ ನೋಡೀನಿ, ಹುಲಿ ಆಗ್ಯದ. ಬ್ಯಾಟರಿ ಯಾಕ ಸುಮ್ಮ ಖಾಲಿ ಮಾಡ್ತಿ?” ಎಂದು ಸುಳ್ಳು ಹೊಡೆದೆ. ಮುಟ್ಟಬೇಡ ಎಂದರೂ ಮುಟ್ಟಿದ್ದಕ್ಕೆ ಬೈಯುತ್ತಾಳೆಂದುಕೊಂಡೆ. ಆದರೆ ಆಗಲೇ ಹೆಡ್ ಮಾಸ್ತರರು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರು, ಅವಳಿಗೆ ಬೈಯಲು ಹೊತ್ತು ಸಿಗಲಿಲ್ಲ.

ನಾನು ಎದ್ದು ನಿಂತು ಮರಾಠಿಯಲ್ಲಿ ಭಾಷಣ ಮಾಡಿದೆ. ಸಣ್ಣದೇ ಮಾಡಬೇಕೆಂದಿದ್ದೆ. ಈ ಯಂತ್ರಕ್ಕೆ ಕಣ್ಣಿದೆ, ಇದು ನೋಡುತ್ತದೆ, ಮನುಷ್ಯ ದಾರಿ ತಪ್ಪಬಹುದು, ಇದು ಸಾಯುವ ತನಕ ತಪ್ಪುವುದಿಲ್ಲ ಎಂದೆಲ್ಲ ಹೇಳಿದೆ. ಮೂರನೆಯ ತರಗತಿಯ ಮಕ್ಕಳು ಕೂಡ ಬಾಯಿ ತೆರೆದು ಕೇಳಿದರು. ನಾಯಕಿ ಗಾಡಿಯನ್ನು ಗೆರೆಯ ಮೇಲಿಟ್ಟು ಸ್ವಿಚ್ ಒತ್ತಿದಳು.

ಗಾಡಿ ಹೊರಟಿತು. ಮೊದಲ ಎರಡು ಅಡಿ ಗೆರೆಯೂ ನೇರ, ಗಾಡಿಯೂ ನೇರ, ಚಪ್ಪಾಳೆ ಬಿತ್ತು. “ಈಗ ತಿರುಗುತ್ತದೆ ನೋಡಿ” ಎಂದೆ. ಗೆರೆ ತಿರುಗಿತು. ಗಾಡಿ ತಿರುಗಲಿಲ್ಲ. ಗೆರೆ ದಾಟಿ, ಕಾಗದ ದಾಟಿ, ಮೊದಲ ಸಾಲಿನ ಮಕ್ಕಳು ಕಾಲು ಎತ್ತಿಕೊಳ್ಳುತ್ತಿದ್ದ ಹಾಗೆ ಅವರ ನಡುವೆ ಹಾದು, ಬಾಗಿಲಲ್ಲಿದ್ದ ಹೆಡ್ ಮಾಸ್ತರರ ಕೊಲ್ಹಾಪುರಿ ಚಪ್ಪಲಿಗೆ ಡಿಕ್ಕಿ ಹೊಡೆದು ನಿಂತು, ಅಲ್ಲೇ ಚಕ್ರ ತಿರುಗಿಸತೊಡಗಿತು.

ನಾಯಕಿ ತಂದು ಮತ್ತೆ ಇಟ್ಟಳು. ಮತ್ತೆ ಚಪ್ಪಲಿ. ಬ್ಯಾಟರಿ ಬದಲಿಸಿ ಮೂರನೆಯ ಸಲ ಇಟ್ಟಳು. ಮತ್ತೆ ಅದೇ ಚಪ್ಪಲಿ. ಯಾರಾದರೂ ಏನಾದರೂ ಹೇಳಬೇಕಲ್ಲ ಎಂದು ನಾನು, “ಇದಕ್ಕೆ ಗುರುಗಳ ಪಾದದ ಮೇಲೆ ಭಕ್ತಿ ಹೆಚ್ಚು” ಎಂದೆ. ಇಡೀ ಶಾಲೆ ನಕ್ಕಿತು. ಹೆಡ್ ಮಾಸ್ತರರು ನಗಲಿಲ್ಲ. ಗಡಿಯಾರ ನೋಡಿ ಎದ್ದರು. “ಬಾಯಿ, ಆಟಿಕೆ ಚೆನ್ನಾಗಿದೆ. ಇದಕ್ಕೆ ಖೋಲಿ ಯಾಕೆ?” ಎಂದು ಮರಾಠಿಯಲ್ಲಿ ಮೆಲ್ಲಗೆ ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೋದರು. ಬಾಯಿ ಮರಾಠಿಯಲ್ಲೇ “ಹೋ ಸರ್”, ಸರಿ ಸರ್, ಎಂದರಷ್ಟೇ. ಆಮೇಲೆ ಅವರು ಕಿಟಕಿಯ ಕಡೆ ಹೋಗಿ, ಮುಚ್ಚಿಯೇ ಇದ್ದ ಕಿಟಕಿಯನ್ನು ಇನ್ನೊಮ್ಮೆ ಮುಚ್ಚಿದರು.

ನನಗೆ ಆಗಲೂ ಹೊಳೆಯಲಿಲ್ಲ ಎಂದರೆ ನಂಬಿ. ತೆಂಗಿನಕಾಯಿ ಒಡೆಯಲಿಲ್ಲ, ಪೂಜೆ ಅರ್ಧವಾಯಿತು, ಮೈಲಾರಪ್ಪ ಸಿಟ್ಟಾಗಿದ್ದಾನೆ ಎಂದೇ ಯೋಚಿಸುತ್ತಿದ್ದೆ. ಹೊರಗೆ ಮಾತ್ರ ‘ಹವೆಯಲ್ಲಿ ತೇವ ಜಾಸ್ತಿ’ ಎಂದು ಮಕ್ಕಳಿಗೆ ವಿವರಿಸುತ್ತಿದ್ದೆ. ಬೇರೆ ತರಗತಿಗಳು ಎದ್ದು ಹೋದವು, ಏಳನೆಯ ತರಗತಿಯ ಹುಡುಗಿಯರು ಉಳಿದರು. ಅವರಲ್ಲಿ ಒಬ್ಬಳು, ಎರಡು ಜಡೆಯವಳು, ಗಾಡಿಯನ್ನು ಮತ್ತೆ ಗೆರೆಯ ಮೇಲಿಟ್ಟು ತಾನು ಹೊಟ್ಟೆಯ ಮೇಲೆ ಮಲಗಿ, ಕೆನ್ನೆ ನೆಲಕ್ಕೆ ಹಚ್ಚಿ ಅದರ ಕೆಳಗೆ ನೋಡಿದಳು.

“ಬಾಯಿ, ಇದರ ಹೊಟ್ಟೆ ಹಳದಿ ಯಾಕೆ?” ಎಂದು ಮರಾಠಿಯಲ್ಲಿ ಕೇಳಿದಳು.

ನಾಯಕಿ ಗಾಡಿಯನ್ನು ಬೋರಲು ಹಾಕಿದಳು. ಎಲ್ಲರೂ ಬಗ್ಗಿ ನೋಡಿದರು. ಆಮೇಲೆ ಎಲ್ಲರೂ ನನ್ನ ಬೆರಳು ನೋಡಿದರು. ನಾನು ಕೈಯನ್ನು ಜೇಬಿಗೆ ಹಾಕಿಕೊಂಡೆ, ಸ್ವಲ್ಪ ತಡವಾಗಿ.

“ಇದೆಂತ ಮಾರಾಯ?”

“ಬುಧವಾರ ಪೇಟಿ ಧೂಳಿ ಇರಬೇಕು.”

ಅವಳು ಮೂಸಿ ನೋಡಿದಳು. “ಧೂಳಿಗೆ ಕೊಬ್ಬರಿ ಎಣ್ಣೆ ಯಾರು ಹಾಕಿದ್ದು?”

ಹೇಳಬೇಕಾಯಿತು. ಹೇಳಿದೆ. ನಮ್ಮ ಮೂವರು ಮರಾಠಿ ಹುಡುಗರು ನಗಲು ಶುರು ಮಾಡಿದವರು ಬಾಯಿಯ ಮುಖ ನೋಡಿ ನಿಲ್ಲಿಸಿದರು. ಬಾಯಿ ನನ್ನನ್ನು ಬೈಯಲಿಲ್ಲ. ಹುಡುಗಿಯರ ಕಡೆ ತಿರುಗಿ, “ಕಣ್ಣು ಮುಚ್ಚಿದರೆ ಗಾಡಿ ಸುಮ್ಮನೆ ನಿಲ್ಲಬೇಕಿತ್ತಲ್ಲ, ನೇರ ಯಾಕೆ ಓಡಿತು?” ಎಂದು ಕೇಳಿದರು. ಎರಡು ಜಡೆಯವಳು ಗಾಡಿಯ ಹೊಟ್ಟೆಗೆ ಬೆರಳು ತೋರಿಸಿ, ಬಿಟ್ಟ ಬೆಳಕೆಲ್ಲ ಆ ಹಳದಿ ಬಣ್ಣಕ್ಕೇ ತಾಗಿ ಮರಳುತ್ತಿದೆ, ಅದಕ್ಕೆ ಎಲ್ಲೆಲ್ಲೂ ಬಿಳಿ ಕಾಗದವೇ ಇದೆ ಅನ್ನಿಸುತ್ತಿದೆ ಎಂದಳು. ನಾಯಕಿ ನನ್ನ ಕಡೆ ನೋಡಿದಳು. ಆ ನೋಟವನ್ನು ನಾನು ಇಲ್ಲಿ ವಿವರಿಸುವುದಿಲ್ಲ.

ಕರವಸ್ತ್ರದಿಂದ ಒರೆಸಿದರೆ ಹಳದಿ ಹೋಯಿತು, ಎಣ್ಣೆ ಹೋಗಲಿಲ್ಲ. ಗಾಡಿ ಎರಡು ತಿರುವು ತಿರುಗಿ ಮೂರನೆಯದರಲ್ಲಿ ತಪ್ಪಿತು. ಆಗ ಅದೇ ಹುಡುಗಿ ಹಲಗೆಯ ಕೆಳಗಿನ ಸೀಮೆಸುಣ್ಣದ ಪುಡಿಯನ್ನು ಚಿಟಿಕೆಯಷ್ಟು ತಂದಳು. ಮನೆಯಲ್ಲಿ ಎಣ್ಣೆ ದೀಪ ಹೀಗೆಯೇ ಬೂದಿ ಹಾಕಿ ತಿಕ್ಕುತ್ತಾರಂತೆ. ಹಾಕಿ, ಊದಿ, ತನ್ನ ರಿಬ್ಬನ್ನಿನ ತುದಿಯಿಂದ ಒರೆಸಿದಳು. ಗಾಡಿ ನಾಲ್ಕೂ ತಿರುವು ತಿರುಗಿ ಹೊರಟಲ್ಲಿಗೆ ಬಂದು ನಿಂತಿತು.

ನೋಡಬೇಕಾದವರು ಮಾತ್ರ ಅಲ್ಲಿರಲಿಲ್ಲ.

“ಬಾಯಿ, ಅವರನ್ನ ಕರೀರಿ” ಎಂದೆ.

“ಏನಂತ ಕರೀಲಿ? ಮೂರು ಸಲ ಅವರ ಚಪ್ಪಲಿಗೆ ಬಡಿಸೀರಿ. ಈಗ ನಾ ಹೋಗಿ ನಾಕನೇ ಸಲ ನೋಡ್ರಿ ಅನ್ಲೇನು?”

“ನಾ ಹೋಗ್ತೀನ್ರಿ.”

“ಹೋಗಿ ಮತ್ತ ಹವಾದಾಗ ತೇವ ಅದ ಅನ್ನಬ್ಯಾಡ.”

ಹೆಡ್ ಮಾಸ್ತರರ ಖೋಲಿಯಲ್ಲಿ ದಸರೆ ಇನ್ನೂ ಉಳಿದಿತ್ತು. ಕಪಾಟಿಗೆ ಬಾಡಿದ ಚೆಂಡುಹೂವಿನ ಮಾಲೆ, ಟೆಲಿಫೋನಿನ ಬೆನ್ನ ಮೇಲೆ ಅರಿಶಿನ ಕುಂಕುಮ, ಮೇಜಿನ ಮೇಲಿದ್ದ ಶಾಲೆಯ ಕೈಗಂಟೆಗೂ ಎರಡು ಬೊಟ್ಟು. ನಾನು ಗಾಡಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತೆ. ನನ್ನ ಮರಾಠಿ ಎಲ್ಲಿ ಹೋಯಿತೋ, ತುಂಡು ತುಂಡಾಗಿ ಬಂತು.

“ಸರ್, ಯಂತ್ರದ್ದು ತಪ್ಪಲ್ಲ. ಬಾಯಿಯವರದ್ದೂ ಅಲ್ಲ. ನಾನು ಇದಕ್ಕೆ ಭಂಡಾರ ಹಚ್ಚಿದೆ.”

ಅವರು ಕನ್ನಡಕ ತೆಗೆದರು. “ಎಲ್ಲಿಯ ಭಂಡಾರ?”

“ಜೇಜುರಿದು. ಅಜ್ಜಿ ತಂದದ್ದು.”

“ಎಲ್ಲಿ ಹಚ್ಚಿದೆ?”

“ಕಣ್ಣಿಗೆ.”

ಅವರು ಗಾಡಿಯನ್ನು ತೆಗೆದುಕೊಂಡು ತಿರುಗಿಸಿ ನೋಡಿದರು. “ಕಣ್ಣಿಗೆ ಯಾರಾದರೂ ಹಚ್ಚುತ್ತಾರೇನೋ?”

“ಇದಕ್ಕೆ ಹಣೆ ಇಲ್ಲ ಸರ್.”

“ಟೆಲಿಫೋನಿಗೆ ಹಣೆ ಇದೆಯೇ? ನಾನು ಅದರ ಬೆನ್ನಿಗೆ ಹಚ್ಚಿದೆ. ಗಂಟೆಗೂ ಹಚ್ಚಿದೆ. ಎಲ್ಲಿ ಹಚ್ಚಿದ್ದೇನೆ ನೋಡು. ಹೊರಗಡೆ. ಒಳಗಿನ ನಾಲಿಗೆಗೆ ಹಚ್ಚಿದ್ದೇನೆಯೇ? ಅದಕ್ಕೆ ಹಚ್ಚಿದರೆ ಗಂಟೆ ಸದ್ದು ಮಾಡುತ್ತದೆಯೇ?” ಅವರು ಕೈಗಂಟೆಯನ್ನು ಎತ್ತಿ ಒಮ್ಮೆ ಅಲ್ಲಾಡಿಸಿಯೂ ತೋರಿಸಿದರು. ಹೊರಗೆ ಐದನೆಯ ತರಗತಿಯವರು ಮಧ್ಯದ ಬಿಡುವಿನ ಸುಟ್ಟಿ ಆಯಿತೆಂದು ಎದ್ದು ಬಂದರು. ಅವರನ್ನು ಮತ್ತೆ ಕೂರಿಸಲು ಶಾಲೆಯ ಸಿಪಾಯಿಗೆ ಐದು ನಿಮಿಷ ಹಿಡಿಯಿತು. ಅದೂ ನನ್ನ ಲೆಕ್ಕಕ್ಕೇ ಸೇರಿರಬೇಕು.

“ಪತ್ತೆ ಹಚ್ಚಿದ್ದು ಯಾರು? ನೀನೇ?”

“ಅಲ್ಲ ಸರ್. ಏಳನೆಯ ತರಗತಿಯ ಹುಡುಗಿ. ಸರಿ ಮಾಡಿದ್ದೂ ಅವಳೇ.”

ಅವರು ಎದ್ದು ಬಂದರು. ಈ ಸಲ ಚಪ್ಪಲಿಯನ್ನು ಬಾಗಿಲ ಹೊರಗೆ, ಗೋಡೆಯ ಮರೆಗೆ ಬಿಟ್ಟರು. ಗಾಡಿ ಒಂದು ಸುತ್ತು ಹೋಯಿತು. ಅವರು ಎರಡು ಜಡೆಯವಳನ್ನು ಕರೆದು ಏನಾಗಿತ್ತು ಎಂದು ಕೇಳಿದರು. ಅವಳು ಮೊದಲು ನೆಲ ನೋಡಿಕೊಂಡು, ಆಮೇಲೆ ಗಾಡಿಯನ್ನೇ ಕೈಗೆತ್ತಿಕೊಂಡು ಹೇಳಿದಳು. ನಾನು ಮಧ್ಯೆ ಬಾಯಿ ಹಾಕಲು ಹೋದೆ, ನಾಯಕಿ ನನ್ನ ಕಾಲು ತುಳಿದಳು.

ಕೇಳಿ ಮುಗಿದ ಮೇಲೆ ಹೆಡ್ ಮಾಸ್ತರರು ಬಾಯಿಗೆ ಹೇಳಿದ್ದು ಇಷ್ಟು. ಶನಿವಾರದ ಕೊನೆಯ ಎರಡು ತಾಸು ತೆಗೆದುಕೊಳ್ಳಿ. ಖೋಲಿ ಕೊಡಬೇಕೆಂದರೆ ಮುರಿದ ಬೆಂಚು ಬೇರೆ ಕಡೆ ಹಾಕಬೇಕು, ಅದಕ್ಕೆ ಮೇಲಿನ ಕಚೇರಿಯ ಕಾಗದ ಬೇಕು, ಸೋಮವಾರ ಅರ್ಜಿ ಬರೆಯುತ್ತೇನೆ. ಅಲ್ಲಿಯ ತನಕ ಒಂದು ಮೂಲೆ ಖಾಲಿ ಮಾಡಿಕೊಂಡು ಕೂತರೆ ನಾನು ನೋಡಿಲ್ಲ. ಬೀಗದ ಕೈಯನ್ನು ಅಲ್ಲೇ ಕೊಟ್ಟರು. ಮೇಲಿನ ಕಚೇರಿಯ ಕಾಗದ ನಾನು ಹತ್ತನೆಯ ತರಗತಿ ಮುಗಿಸುವ ತನಕವಂತೂ ಬರಲಿಲ್ಲ. ಹುಡುಗಿಯರು ಇಡೀ ವರ್ಷ ಬೆಂಚುಗಳ ರಾಶಿಯ ನಡುವೆಯೇ ಕೂತು ಗಾಡಿ ಜೋಡಿಸಿದರು.

ಆ ದಿನ ಖೋಲಿಯ ಬಾಗಿಲು ತೆಗೆದಾಗ ಎಲ್ಲರೂ ಒಳಗೆ ನುಗ್ಗಿದರು. ನಾನು ಬೆಂಚು ಎತ್ತಲು ಹೋಗಿ, ಮುರಿದಿರದ ಒಂದೇ ಒಂದು ಬೆಂಚನ್ನು ಮುರಿದೆ. ಬಾಯಿ ನನ್ನನ್ನು ಹೊರಗೆ ಕರೆದು ವರಾಂಡದಲ್ಲಿ ನಿಲ್ಲಿಸಿದರು. ಹೊಗಳುತ್ತಾರೆ ಎಂದೇ ನಾನು ಅಂದುಕೊಂಡಿದ್ದೆ, ಒಳಗೆ ಹೋಗಿ ಒಪ್ಪಿಕೊಂಡು ಬಂದವನು ನಾನಲ್ಲವೇ. ತಲೆ ತಗ್ಗಿಸಿ, ವಿನಯದಿಂದ ಕಾದೆ.

“ನನಗ ಸಿಟ್ಟು ಬಂದಿಲ್ಲಂತ ತಿಳ್ಕೋಬ್ಯಾಡಪ್ಪ, ಬಂದದ” ಎಂದರು. “ಭಂಡಾರ ಹಚ್ಚಿದ್ದಕ್ಕಲ್ಲ. ಅದು ನಮ್ಮ ಮನ್ಯಾಗೂ ಹಚ್ಚತಾರ. ಅಕಿ ನೆಲಕ್ಕ ಮಲಗಿ ಹುಡುಕಾಕ ಹತ್ತಿದಾಗ ನೀ ಏನು ಮಾಡಾಕ ಹತ್ತಿದ್ದಿ? ಮಾತಾಡಾಕ ಹತ್ತಿದ್ದಿ. ಮುಂದಿನ ಶನಿವಾರ ನೀ ಮಾತಾಡಂಗಿಲ್ಲ. ಬಂದು ಸುಮ್ಮ ಅಕಿ ಬಾಜೂಕ ಕೂತು ತಂತಿ ಸುಲಿಯೋದು ಕಲಿ. ಅಕಿ ಸಾಕು ಅಂದ ಮ್ಯಾಲ ಎದ್ದೇಳು.”